ಕಾರ್-ರೋಬೋ ಆಟಿಕೆ: ಕಾರಾಗಿ ಮಡಚಿದ ಮೇಲೆ ಚಕ್ರ ಉರುಳುತ್ತಿಲ್ಲ, ಏನು ಮಾಡಲಿ?

ಶಿವಮೊಗ್ಗದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗನಿಗೆ ರೋಬೋ ಆಗುವ ಕಾರು ಕೊಡಿಸಿದ್ದೇನೆ, ಅಂಗೈಯಷ್ಟು ಉದ್ದದ್ದು. ರೋಬೋ ಮಾಡಿದರೆ ನೆಟ್ಟಗೆ ನಿಲ್ಲುತ್ತದೆ. ಕಾರು ಮಾಡಿ ತಳ್ಳಿದರೆ ಗೇಣುದ್ದ ಹೋಗಿ ಕರಕರ ಅಂತ ನಿಂತುಬಿಡುತ್ತದೆ. ಹಿಂದಿನ ಬಲಚಕ್ರವಂತೂ ತಿರುಗುವುದೇ ಇಲ್ಲ. ಹೊಲಿಗೆ ಮಿಷಿನ್ ಎಣ್ಣೆ ಇದೆ, ಒಂದು ಹನಿ ಬಿಡಲಾ? ಬಿಚ್ಚಿ ನೋಡೋಣ ಅಂದರೆ ಚಕ್ರದ ಹತ್ತಿರ ಸ್ಕ್ರೂನೇ ಇಲ್ಲ.

ಪಿನ್ನು-ಕೀಲು
ಅಕ್ಕ, ಎಣ್ಣೆ ಬಿಡಬೇಡಿ. ಹೊಲಿಗೆ ಮಿಷಿನ್ನಿನದು ಪೆಟ್ರೋಲಿಯಂ ಎಣ್ಣೆ. ಚಕ್ರವನ್ನು ಹಿಡಿದಿರುವ ಪಿನ್ನು ಬಿಗಿಯಾಗಿ ಕೂತ ಕಡೆ ಪ್ಲಾಸ್ಟಿಕ್ ಮೊದಲೇ ಒತ್ತಡದಲ್ಲಿರುತ್ತದೆ, ಅಲ್ಲಿ ಈ ಎಣ್ಣೆ ಇಳಿದರೆ ಬಿರುಕು ಬಿಡಬಹುದು. ಕಿಟಕಿ ಗಾಜಿನಂಥ ಪಾರದರ್ಶಕ ಭಾಗಗಳಿಗೆ ಅಪಾಯ ಇನ್ನೂ ಜಾಸ್ತಿ. ಮೇಲಾಗಿ ಧೂಳು ಮೆತ್ತಿಕೊಳ್ಳುತ್ತದೆ.

ಮೊದಲು ಕಾರನ್ನು ಮಗುಚಿ ನಾಲ್ಕೂ ಚಕ್ರ ಬೆರಳಲ್ಲಿ ತಿರುಗಿಸಿ. ಗಾಳಿಯಲ್ಲಿ ಸಲೀಸಾಗಿ ತಿರುಗುವ ಚಕ್ರ ನೆಲದ ಮೇಲೆ ನಿಂತರೆ ದೋಷ ಚಕ್ರದ್ದಲ್ಲ, ಮಡಚಿದ್ದರದ್ದು. ಈ ಆಟಿಕೆಗಳಲ್ಲಿ ಮಾಮೂಲಿ ಕಾರಿನ ಹಾಗೆ ಎರಡು ಚಕ್ರ ಸೇರಿಸುವ ಒಂದೇ ಅಚ್ಚು ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೆ ಮೈ ಬಿಚ್ಚಿಕೊಳ್ಳುವುದಕ್ಕೇ ಅಡ್ಡ. ಮುಂದಿನ ಚಕ್ರಗಳು ರೋಬೋದ ಎದೆಗೋ ಭುಜಕ್ಕೋ ಅಂಟಿರುತ್ತವೆ, ಹಿಂದಿನವು ಕಾಲಿಗೆ. ಒಂದು ಕಾಲು ಕೂದಲೆಳೆಯಷ್ಟು ಸರಿಯಾಗಿ ಕೂರದಿದ್ದರೂ ಅದರ ಚಕ್ರ ಮೇಲೇಳುತ್ತದೆ ಅಥವಾ ವಾಲಿ ಕಾರಿನ ಮೈಗೆ ಉಜ್ಜುತ್ತದೆ.

ಪರೀಕ್ಷೆ ಸುಲಭ. ಕಾರನ್ನು ಗಾಜಿನ ಮೇಲೋ ನಯವಾದ ಟೈಲ್ಸ್ ಮೇಲೋ ಇಟ್ಟು, ಬಸ್ ಟಿಕೆಟ್ಟಿನಷ್ಟು ತೆಳುವಾದ ಕಾಗದದ ಪಟ್ಟಿಯನ್ನು ಅಡಿಯಲ್ಲಿ ತೂರಿಸುತ್ತಾ ಬನ್ನಿ. ಅದು ಸಿಕ್ಕಿಕೊಳ್ಳಬೇಕಾದ್ದು ನಾಲ್ಕು ಚಕ್ರದ ಕೆಳಗೆ ಮಾತ್ರ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ರೋಬೋದ ಮುಷ್ಟಿಯೋ ತಲೆಯೋ ಪಾದವೋ ನೆಲಕ್ಕೆ ತಾಗುತ್ತಿದೆ ಅಂತ. ನಿಮ್ಮ ಕರಕರ ಸದ್ದಿಗೆ ಅದೇ ಕಾರಣ ಅನ್ನಿಸುತ್ತದೆ. ಯಾವುದಾದರೂ ಚಕ್ರದ ಕೆಳಗೆ ಪಟ್ಟಿ ಆರಾಮಾಗಿ ಹಾದುಹೋದರೆ ಆ ಚಕ್ರ ನೆಲ ಮುಟ್ಟಿಲ್ಲ.

ಹಳೇ ಡಬ್ಬಿ
ಇವರು ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಸೇರಿಸುತ್ತೇನೆ. 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಬಂದ, ರೋಬೋ ಆಗುವ ಮೊದಲ ಕಾರುಗಳಲ್ಲಿ ಹೆಚ್ಚಿನವು ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಎಂಬ ಸಾಲಿನ ಆಟಿಕೆಗಳೇ, ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಅವನ್ನು ಬೇರೆ ಹೆಸರಲ್ಲಿ ಮಾರಿತು. ಅವುಗಳಲ್ಲಿ ಹಲವಕ್ಕೆ ರಬ್ಬರ್ ಟೈರು, ಲೋಹದ ಭಾಗಗಳು ಇದ್ದವು. ಲೋಹದ ಭಾರಕ್ಕೆ ಕಾರು ನೆಲ ಕಚ್ಚಿಕೊಂಡು ಓಡುತ್ತದೆ. ಈಗಿನ ಪೂರ್ತಿ ಪ್ಲಾಸ್ಟಿಕ್ಕಿನವು ಹಗುರ, ಚಕ್ರವೂ ಜಾರುವ ಪ್ಲಾಸ್ಟಿಕ್ಕೇ. ಹಾಗಾಗಿ ಸಣ್ಣ ಅಡಚಣೆ ಇದ್ದರೂ ಚಕ್ರ ಉರುಳುವ ಬದಲು ಜಾರಿಕೊಂಡು ಹೋಗುತ್ತದೆ. ಒಂದು ಚಕ್ರ ಮಾತ್ರ ತಿರುಗದಿದ್ದರೆ ಅಲ್ಲಿ ಕೂದಲು ಸುತ್ತಿಕೊಂಡಿದೆಯಾ ನೋಡಿ. ಸೂಜಿ ಮೊನೆಯಿಂದ ಎತ್ತಿ, ಚಿಮಟದಲ್ಲಿ ಎಳೆಯಿರಿ.

ಶಿವಮೊಗ್ಗದ ಅಮ್ಮ
ತುಂಬಾ ಥ್ಯಾಂಕ್ಸ್. ಕಾಗದ ಹೊಟ್ಟೆ ಕೆಳಗೇ ಸಿಕ್ಕಿಕೊಂಡಿತು. ಎಡಗೈ ಮುಷ್ಟಿ ಒಳಗೆ ತಿರುಗಿರಲಿಲ್ಲ. ಅದನ್ನು ತಿರುಗಿಸಿ ಒತ್ತಿದಾಗ ಟಕ್ ಅಂತ ಕೂತಿತು, ಕರಕರ ನಿಂತಿದೆ. ಬಲಚಕ್ರದಲ್ಲಿ ಕೂದಲು ಇತ್ತು, ತೆಗೆದೆ. ಈಗ ತಿರುಗುತ್ತದೆ, ಆದರೆ ಬಿಗಿ. ಇನ್ನೊಂದು, ಆ ಕಡೆಯ ಕಾಲು ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಬೀಳುತ್ತದೆ.

ಪಿನ್ನು-ಕೀಲು
ಬಿಗಿಗೆ ಕಾರಣ ಪಿನ್ನು ಜಾಸ್ತಿ ಒಳಗೆ ಹೋಗಿ ಚಕ್ರವನ್ನು ಮೈಗೆ ಒತ್ತಿರುವುದು ಇರಬಹುದು. ಚಕ್ರಕ್ಕೂ ಬಾಡಿಗೂ ನಡುವೆ ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಸಂದು ಇರಬೇಕು. ಇಲ್ಲದಿದ್ದರೆ ಹಳೇ ಎಟಿಎಂ ಕಾರ್ಡಿನ ಮೂಲೆ ತೂರಿಸಿ, ಮೆಲ್ಲಗೆ ಹೊರಮುಖವಾಗಿ ಮೀಟಿ. ಒಂದೇ ಕಡೆ ಮೀಟಿದರೆ ಪಿನ್ನು ಓರೆಯಾಗುತ್ತದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಮೀಟಬೇಕು. ಪಿನ್ನನ್ನು ಪೂರ್ತಿ ಕಿತ್ತು ತೆಗೆಯಬೇಡಿ, ತೂತು ಸಡಿಲವಾದರೆ ಚಕ್ರ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ. ಚಕ್ರದ ಅಂಚಿನಲ್ಲಿ ಪ್ಲಾಸ್ಟಿಕ್ ಎರಕದ ಗೆರೆ ಎದ್ದಿದ್ದರೆ ಉಗುರು ಉಜ್ಜುವ ಅರದಿಂದ ತೀಡಿ. ಜಾರಿಕೆ ಬೇಕೇ ಬೇಕು ಅಂದರೆ ಪೆನ್ಸಿಲ್ ಸೀಸದ ಪುಡಿ ಸಾಕು, ಅಥವಾ ಟ್ರೆಡ್‌ಮಿಲ್ ಬೆಲ್ಟಿಗೆ ಹಾಕುವ ಶುದ್ಧ ಸಿಲಿಕೋನ್ ಆಯಿಲ್, ಸೂಜಿ ತುದಿಯಲ್ಲಿ ನಿಲ್ಲುವಷ್ಟು.

ಕಾಲಿನ ಗುಂಡು ಕೀಲು, ಅಂದರೆ ಗುಳಿಯೊಳಗೆ ಕೂತು ತಿರುಗುವ ಉರುಟು ಗುಂಡು, ಸವೆದಿದೆ ಅನ್ನಿಸುತ್ತದೆ. ಅದು ಸ್ವಲ್ಪ ದಪ್ಪವಾಗಿ ಬಿಗಿ ಬರಲಿ ಅಂತ ಗುಂಡಿನ ಮೇಲೆ ನೇಲ್ ಪಾಲಿಶ್ ಹಚ್ಚುತ್ತಾರೆ.

ಹಳೇ ಡಬ್ಬಿ
ನೇಲ್ ಪಾಲಿಶ್ ನಾನು ಒಪ್ಪುವುದಿಲ್ಲ, ಅದರ ದ್ರಾವಕ ಪ್ಲಾಸ್ಟಿಕ್ಕನ್ನು ಕರಗಿಸಬಹುದು. ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಸಿಗುವ, ನೀರಲ್ಲಿ ಕಲಸಿದ ಅಕ್ರಿಲಿಕ್ ವಾರ್ನಿಷ್ ತನ್ನಿ. ಕೀಲು ಬಿಡಿಸಿ ಗುಂಡಿಗೆ ತೆಳುವಾಗಿ ಒಂದು ಕೋಟ್ ಬಳಿದು, ಒಂದು ರಾತ್ರಿ ಒಣಗಲು ಬಿಟ್ಟು ಆಮೇಲೆ ಜೋಡಿಸಿ. ಹಸಿ ಇರುವಾಗ ಜೋಡಿಸಿದರೆ ಕೀಲು ಅಂಟಿಕೊಂಡುಬಿಡುತ್ತದೆ. ಸಾಲದಿದ್ದರೆ ಇನ್ನೊಂದು ಕೋಟ್.

ಪಿನ್ನು-ಕೀಲು
ಸರಿ, ವಾರ್ನಿಷ್ಷೇ ಮೇಲು. ಅಕ್ಕ, ಕಾಲು ಬಿಗಿಯಾದ ಮೇಲೆ ಇನ್ನೊಮ್ಮೆ ಕಾಗದದ ಪಟ್ಟಿ ಹಾಯಿಸಿ ನೋಡಿ. ಬಲಚಕ್ರ ಆಗಲೂ ನೆಲ ಮುಟ್ಟದಿದ್ದರೆ ಕಾರು ಮಗುಚಿ ಎರಡೂ ಕಾಲು ಸೇರುವ ಜಾಗದ ಫೋಟೋ ಹಾಕಿ. ಅಲ್ಲೊಂದು ಸಣ್ಣ ಗೂಟ, ಅದಕ್ಕೊಂದು ತೂತು ಇರುತ್ತದೆ. ಅದು ಪೂರ್ತಿ ಕೂತಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ.