ಪವರ್‌ಬೋಟ್ ರೇಸ್ ನೋಡಲು ಬಾಗಲಕೋಟೆಯಿಂದ ಮುಂಬೈಗೆ: ಎಲ್ಲಿ ಉಳಿಯುವುದು, ಎಲ್ಲಿ ನಿಲ್ಲುವುದು?

ಪ್ರಶ್ನೆ: ವೈಂಡಿಂಗ್ ಅಂಗಡಿ, ಬಾಗಲಕೋಟೆ

ವಿದ್ಯಾಗಿರಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್‌ಗಳ ನಡುವೆ ಕುಳಿತು ಮೊಬೈಲ್‌ನಲ್ಲಿ ದೋಣಿ ರೇಸ್ ನೋಡುವ ಚಟ ನನಗೆ ಹೇಗೆ ಅಂಟಿತೋ ತಿಳಿಯದು. 2025ರ ಫೆಬ್ರುವರಿ 28ರಿಂದ ಮಾರ್ಚ್ 2ರವರೆಗೆ ಮುಂಬೈಯ ಮರೀನ್ ಡ್ರೈವ್ ಎದುರು ಪಿ1 ಎಂಬ ಸರಣಿಯ ಪವರ್‌ಬೋಟ್ (ಭಾರೀ ಎಂಜಿನ್ನಿನ ವೇಗದ ದೋಣಿ) ರೇಸ್ ನಡೆದಾಗ ಹೋಗುವ ಆಸೆಯಿತ್ತು. ಆದರೆ ಮಾರ್ಚ್ 1ಕ್ಕೇ ಮಗಳ ದ್ವಿತೀಯ ಪಿಯುಸಿ ಪರೀಕ್ಷೆ ಆರಂಭವಾಯಿತು. ಆ ವಾರ ಮನೆಯಲ್ಲಿ ದೋಣಿಯ ಮಾತೆತ್ತುವ ಧೈರ್ಯ ಯಾರಿಗಿದ್ದೀತು!

ಈಗ ಆ ತಾಪತ್ರಯ ಇಲ್ಲ. ಮುಂದೆ ಅಲ್ಲಿ ಇಂಥ ರೇಸ್ ಪ್ರಕಟವಾದರೆ ಹೊರಟೇಬಿಡುವುದೆಂದು ನಿಶ್ಚಯಿಸಿದ್ದೇವೆ. ನಾನು, ಹೆಂಡತಿ, ಮಗಳು, ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ಮತ್ತು ನಮ್ಮ ಅಪ್ಪ. ಅಪ್ಪನಿಗೆ ಎಪ್ಪತ್ತೈದು ದಾಟಿದೆ, ಮೊಣಕಾಲು ನೋವು ಇದೆ, ಆದರೆ "ನನ್ನನ್ನು ಬಿಟ್ಟು ಹೋದರೆ ನೋಡು" ಎಂದು ಈಗಲೇ ಎಚ್ಚರಿಕೆ ಕೊಟ್ಟಿದ್ದಾರೆ.

ಸಮುದ್ರ ಕಾಣುವ ಕೋಣೆಯನ್ನೇ ಹಿಡಿದರೆ ಕಿಟಕಿಯಿಂದಲೇ ರೇಸ್ ನೋಡಬಹುದಲ್ಲವೇ ಎಂಬುದು ಹೆಂಡತಿಯ ವಾದ. ಬಾಡಿಗೆ ನೋಡಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇಂಥ ರೇಸ್‌ಗೆ ಹೋಗಿ ಬಂದವರು ಇದ್ದರೆ ಹೇಳಿ: ಎಲ್ಲಿ ಉಳಿಯಬೇಕು, ಎಲ್ಲಿಂದ ನೋಡಬೇಕು, ಭಾನುವಾರ ಒಂದು ದಿನ ಹೋದರೆ ಸಾಕೇ?

ಉತ್ತರ: ಫೋಟೋದವ, ವಿಜಯಪುರ

ಸರ್, ನಾನು ಮುಂಬೈ ರೇಸ್ ನೋಡಿಲ್ಲ. ಆದರೆ 2018ರ ನವೆಂಬರ್ 16ರಿಂದ 18ರವರೆಗೆ ವಿಜಯವಾಡದಲ್ಲಿ ಎಫ್1 ಎಚ್2ಒ (ದೋಣಿಗಳ ಫಾರ್ಮುಲಾ 1 ಎನ್ನಿ) ವಿಶ್ವ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಕೃಷ್ಣಾ ನದಿಯಲ್ಲಿ ನಡೆದಾಗ ಕ್ಯಾಮೆರಾ ಹೊತ್ತು ಹೋಗಿದ್ದೆ. ಮದುವೆ ಫೋಟೋ ತೆಗೆಯುವವನಿಗೆ ಅದೊಂದು ಬಿಡುವು. ಅಲ್ಲಿ ಯಾರಿಗೂ "ಸ್ವಲ್ಪ ನಗಿ" ಎಂದು ಹೇಳಬೇಕಿರಲಿಲ್ಲ. ನಮ್ಮ ಆಲಮಟ್ಟಿಯಲ್ಲಿ ನಿಂತ ನೀರೇ ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರಗಳನ್ನು ದಾಟಿ ಪ್ರಕಾಶಂ ಬ್ಯಾರೇಜಿನ ಹಿಂದೆ ನಿಂತಿರುತ್ತದೆ. ಆ ನೀರಿನ ಮೇಲೆ ವಿದೇಶದ ದೋಣಿಗಳು ಹಾರುವುದನ್ನು ಕಂಡು, ಸಂಬಂಧವಿಲ್ಲದಿದ್ದರೂ ಒಂದು ಹೆಮ್ಮೆ ಬಂದದ್ದು ನಿಜ.

ನಾನು ಹೇಳುವುದು ಒಂದೇ: ಮೊದಲು ನಿಲ್ಲುವ ಜಾಗ ಗೊತ್ತುಮಾಡಿಕೊಳ್ಳಿ, ಕೋಣೆ ಆಮೇಲೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ದುಬಾರಿ ಕೋಣೆ ಹಿಡಿದು, ಆ ದುಡ್ಡಿಗೆ ನ್ಯಾಯ ಸಲ್ಲಿಸಲು ಅಲ್ಲಿಂದಲೇ ನೋಡುತ್ತಾ ಕೂರುತ್ತಾರೆ.

ನೀರಿನಲ್ಲಿ ಗಾಳಿ ತುಂಬಿದ ದೊಡ್ಡ ಚೀಲಗಳನ್ನು ತೇಲಿಬಿಟ್ಟು ರೇಸಿನ ದಾರಿಯನ್ನು ಗುರುತಿಸಿರುತ್ತಾರೆ. ಅವಕ್ಕೆ ಬೋಯ್ ಎನ್ನುತ್ತಾರೆ. ಎರಡು ಬೋಯ್‌ಗಳ ನಡುವಿನ ನೇರ ಓಟ ಟಿವಿಯಲ್ಲಿ ಚೆಂದ, ದಂಡೆಯಲ್ಲಿ ಅಲ್ಲ. ಎಫ್1 ದೋಣಿಯ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ, ಲೆಕ್ಕ ಹಾಕಿ, ಸೆಕೆಂಡಿಗೆ ಸುಮಾರು 55 ಮೀಟರ್. ನೀವು ಕತ್ತು ತಿರುಗಿಸುವಷ್ಟರಲ್ಲಿ ಕಾಣುವುದು ನೀರಿನ ತುಂತುರು ಮಾತ್ರ. ನೋಡಬೇಕಾದದ್ದು ತಿರುವು. ಆ ದೋಣಿಗೆ ಗೇರೂ ಇಲ್ಲ, ಬ್ರೇಕೂ ಇಲ್ಲ. ಚಾಲಕ ಕಾಲಿನಡಿಯ ಥ್ರಾಟಲ್ (ವೇಗದ ಪೆಡಲ್) ಬಿಟ್ಟು, ಸ್ಟೀರಿಂಗ್ ಎಳೆದು, ದೋಣಿಯನ್ನು ನೀರಿಗೆ ಒತ್ತಿ ತಿರುಗಿಸಬೇಕು. ಅಲ್ಲಿಯೇ ಒಬ್ಬರ ಹಿಂದೆ ಒಬ್ಬರು ಮುಗಿಬೀಳುತ್ತಾರೆ, ಅಲ್ಲಿಯೇ ದೋಣಿ ಮಗುಚುತ್ತದೆ. ಅದರಲ್ಲೂ ಮೊದಲ ತಿರುವು. ಜೆಟ್ಟಿಯ ಪಕ್ಕ ಸಾಲಾಗಿ ಕಟ್ಟಿದ್ದ ದೋಣಿಗಳೆಲ್ಲ ಒಮ್ಮೆಗೇ ಚಾಲೂ ಆಗಿ ಆ ಒಂದು ಬೋಯ್‌ಗೆ ಧಾವಿಸುವುದನ್ನು ಕಂಡರೆ ಉಳಿದ ಸುತ್ತುಗಳು ತಾವಾಗಿಯೇ ಅರ್ಥವಾಗುತ್ತವೆ. ರೇಸ್‌ಗೆ ಮುಂಚೆ ಸಂಘಟಕರು ಪ್ರಕಟಿಸುವ ನಕ್ಷೆಯಲ್ಲಿ ಮೊದಲ ತಿರುವು ದಂಡೆಯ ಯಾವ ಭಾಗಕ್ಕೆ ಹತ್ತಿರ ಎಂದು ನೋಡಿ ಅಲ್ಲಿ ನಿಲ್ಲಿ. ಮುಕ್ತಾಯದ ಗೆರೆಯ ಎದುರು ನಿಂತವರಿಗೆ ಕಾಣುವುದು ಬಾವುಟ.

ಕಿಟಕಿಯ ವಿಚಾರ. ವಿಜಯವಾಡದಲ್ಲಿ ನಾನು ಉಳಿದ ಲಾಡ್ಜ್‌ನವರು "ನದಿ ಕಾಣುತ್ತದೆ" ಎಂದು ಹೆಚ್ಚು ದುಡ್ಡು ತೆಗೆದುಕೊಂಡಿದ್ದರು. ಕಿಟಕಿಯಿಂದ ತಲೆ ಹೊರಹಾಕಿ ಎಡಕ್ಕೆ ಬಾಗಿದರೆ, ನೀರಿನ ಟ್ಯಾಂಕಿಗೂ ಮೊಬೈಲ್ ಟವರಿಗೂ ನಡುವೆ ನದಿಯ ಒಂದು ಚೂರು ಕಾಣುತ್ತಿತ್ತು. ಕೇಳಿದರೆ "ಕಾಣುತ್ತದಲ್ಲ ಸರ್" ಎಂದರು. ವಾದಕ್ಕೆ ಎಡೆಯೇ ಇರಲಿಲ್ಲ.

ಒಂದು ದಿನ ಸಾಲದು. ಶುಕ್ರವಾರ ಅಭ್ಯಾಸ, ಶನಿವಾರ ಅರ್ಹತಾ ಸುತ್ತು, ಭಾನುವಾರ ರೇಸ್: ವಿಜಯವಾಡದಲ್ಲಿ ಹಾಗಿತ್ತು. ನನ್ನ ಕೇಳಿದರೆ ಶನಿವಾರವೇ ಸಿಹಿ. ಜನ ಕಡಿಮೆ, ನಿಮಗಿಷ್ಟವಾದ ಜಾಗ ಸಿಗುತ್ತದೆ, ದೋಣಿಗಳನ್ನು ಕ್ರೇನ್‌ನಲ್ಲಿ ಎತ್ತಿ ನೀರಿಗೆ ಇಳಿಸುವುದೂ ಕಾಣುತ್ತದೆ. ರಿವೈಂಡಿಂಗ್ ಮಾಡುವವರು ನೀವು, ಎಂಜಿನ್ ನೋಡದೆ ಬಂದರೆ ಹೇಗೆ? ನಾನು ನೋಡಿದಾಗ ಎಫ್1 ದೋಣಿಯದು ಎರಡೂವರೆ ಲೀಟರಿನ ಟೂ-ಸ್ಟ್ರೋಕ್ ವಿ6 (ಆರು ಸಿಲಿಂಡರ್) ಆಗಿತ್ತು, ಸುಮಾರು 400 ಅಶ್ವಶಕ್ತಿ. ಪಿ1 ದೋಣಿ ಬೇರೆ ಜಾತಿಯದು, ಇಬ್ಬರು ಕೂರುತ್ತಾರೆ, ತಳ ವಿ ಆಕಾರದ್ದು. ಎಫ್1ನದು ಜೋಡಿ ತಳ, ನಡುವೆ ಗಾಳಿ ನುಗ್ಗುವ ಸುರಂಗ. ಸದ್ದು ಎರಡರದ್ದೂ ಜೋರು. ಅಪ್ಪನ ಕಿವಿಗೆ ಹತ್ತಿ ಇರಲಿ.

ಉತ್ತರ: ಮುಧೋಳದವಳು, ಈಗ ಮಾಟುಂಗದಲ್ಲಿ

ತಮ್ಮಾ, ಫೋಟೋದವರು ತಿರುವು ಎಂದರು, ಸರಿ. ಮರೀನ್ ಡ್ರೈವ್‌ನಲ್ಲಿ ಅದಕ್ಕೂ ಮುಂಚೆ ಸೂರ್ಯನನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ದಂಡೆ ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಮೂರರ ನಂತರ ಬಿಸಿಲು ನೇರ ಕಣ್ಣಿಗೆ, ಅದರ ಮೇಲೆ ನೀರಿನ ಹೊಳಪು. ದೋಣಿ ಕರಿ ಚುಕ್ಕೆಯಾಗುತ್ತದೆ. ದಂಡೆ ಬಿಲ್ಲಿನಂತೆ ಬಾಗಿರುವುದರಿಂದ ನರಿಮನ್ ಪಾಯಿಂಟ್ ತುದಿಗೆ ಹೋಗಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಬಿಸಿಲು ಎಡಗೆನ್ನೆಗೆ ಬೀಳುತ್ತದೆ, ಕಣ್ಣಿಗಲ್ಲ. ಬೆಳಗಿನ ಸುತ್ತುಗಳಿಗಾದರೆ ಎಲ್ಲಿ ನಿಂತರೂ ಬಿಸಿಲು ಬೆನ್ನಿಗೆ. ಬೆಳಿಗ್ಗೆ ನೀರೂ ಶಾಂತ. ಮಧ್ಯಾಹ್ನ ಕಡಲಗಾಳಿ ಎದ್ದು ಅಲೆ ಏಳುತ್ತದೆ, ಇಂಥ ರೇಸ್‌ಗಳು ಅಲೆಗೆ ತಡವಾಗುವುದುಂಟು. ಆದ್ದರಿಂದ ಭಾನುವಾರ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿ ಗಡಿಯಾರ ನೋಡುತ್ತಾ ನಿಲ್ಲಬೇಡಿ. ಸೋಮವಾರ ಹೊರಡಿ.

ನಿಮ್ಮ ಅಪ್ಪನಿಗೆ ದಂಡೆಯ ಕಟ್ಟೆಯ ಮೇಲೆ ಮೂರು ತಾಸು ಕೂರುವುದು ಕಷ್ಟ. ಅವರನ್ನು ಒಂದು ಹೊತ್ತು ಟ್ಯಾಕ್ಸಿಯಲ್ಲಿ ಮಲಬಾರ್ ಹಿಲ್‌ನ ಕಮಲಾ ನೆಹರೂ ಪಾರ್ಕಿಗೆ ಕರೆದುಕೊಂಡು ಹೋಗಿ. ಅಲ್ಲಿಂದ ಇಡೀ ಬಿಲ್ಲು ಕೆಳಗೆ ಕಾಣುತ್ತದೆ, ಮಧ್ಯಾಹ್ನದ ಬಿಸಿಲೂ ಬೆನ್ನ ಹಿಂದೆ. ದೋಣಿ ಚಿಕ್ಕದಾಗಿ ಕಾಣುವುದು ನಿಜ, ದುರ್ಬೀನು ತನ್ನಿ. ಎಂಟು ಪಟ್ಟಿನದೇ ಸಾಕು. ಹನ್ನೆರಡು ಪಟ್ಟಿನದಾದರೆ ವಯಸ್ಸಾದವರ ಕೈಯಲ್ಲಿ ಚಿತ್ರ ನಡುಗುತ್ತದೆ. ಹುಡುಗರು ದಂಡೆಯ ಕೆಳಗಿನ ಟೆಟ್ರಾಪಾಡ್‌ಗಳ (ಅಲೆ ತಡೆಯುವ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳು) ಮೇಲೆ ಇಳಿಯದಂತೆ ನೋಡಿಕೊಳ್ಳಿ. ಪಾಚಿ ಕಟ್ಟಿರುತ್ತದೆ, ಸಂದಿಯಲ್ಲಿ ಕಾಲು ಸಿಕ್ಕಿತೆಂದರೆ ಹಬ್ಬ ಮುಗಿದಂತೆ.

ಇನ್ನು ಉಳಿಯುವುದು. ಸಮುದ್ರದ ಎದುರಿನ ಕೋಣೆ ಬೇಡ. ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಮೇಲೆ ಬರುವ ರೈಲು ನಿಮ್ಮನ್ನು ಸಿಎಸ್‌ಎಂಟಿಗೇ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ತಂದು ಬಿಡುತ್ತದೆ. ಸಿಎಸ್‌ಎಂಟಿ, ಫೋರ್ಟ್ ಆಸುಪಾಸಿನ ಸಾಧಾರಣ ಲಾಡ್ಜ್ ಹಿಡಿದರೆ ಮರೀನ್ ಡ್ರೈವ್ ಟ್ಯಾಕ್ಸಿಗೆ ತೀರಾ ಹತ್ತಿರ, ಹುಡುಗರು ನಡೆದೇ ಹೋದಾರು. ಕೋಣೆ ಮಾತಾಡುವಾಗ ಎರಡೇ ಮಾತು ಕೇಳಿ: ಲಿಫ್ಟ್ ಇದೆಯೇ, ಚೆಕ್-ಔಟ್ 24 ಗಂಟೆಯ ಲೆಕ್ಕವೋ ಮಧ್ಯಾಹ್ನ ಹನ್ನೆರಡರ ಲೆಕ್ಕವೋ. ಬೆಳಗಿನ ಜಾವ ಬಂದಿಳಿಯುವವರಿಗೆ ಎರಡನೆಯದು ನಷ್ಟ. ಕನ್ಫರ್ಮ್ ಆದ ಟಿಕೆಟ್ ಇದ್ದರೆ ರೈಲ್ವೆಯ ವಿಶ್ರಾಂತಿ ಕೋಣೆಯನ್ನು ಐಆರ್‌ಸಿಟಿಸಿಯಲ್ಲಿ ಪಿಎನ್‌ಆರ್ ಕೊಟ್ಟು ಕಾಯ್ದಿರಿಸಬಹುದು, ಅದನ್ನೂ ನೋಡಿ.

ನಮ್ಮ ಕಡೆಯವರು ಮಾಟುಂಗ, ದಾದರ್ ಎಂದು ಬರುತ್ತಾರೆ, ಊಟದ ಆಸೆಗೆ. ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಮಾಟುಂಗ ಸ್ಟೇಷನ್ ಬೇರೆ, ಮಾಟುಂಗ ರೋಡ್ ಬೇರೆ. ಮೊದಲನೆಯದು ಸಿಎಸ್‌ಎಂಟಿ ಕಡೆಯ ಸೆಂಟ್ರಲ್ ಮಾರ್ಗದಲ್ಲಿದೆ. ಮರೀನ್ ಡ್ರೈವ್‌ಗೆ ಬೇಕಾದ ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್ ಸ್ಟೇಷನ್‌ಗಳು ವೆಸ್ಟರ್ನ್ ಮಾರ್ಗದಲ್ಲಿವೆ, ಅದಕ್ಕೆ ಮಾಟುಂಗ ರೋಡಿನಿಂದ ಹತ್ತಬೇಕು. ಇನ್ನೊಂದು ಮುಖ್ಯ: ಭಾನುವಾರ ಲೋಕಲ್ ರೈಲುಗಳಿಗೆ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇರುತ್ತದೆ. ಯಾವ ಮಾರ್ಗ, ಯಾವ ಹೊತ್ತು ಎಂದು ಹಿಂದಿನ ದಿನವೇ ತಿಳಿದುಕೊಳ್ಳದಿದ್ದರೆ ರೇಸ್ ಅತ್ತ, ನೀವು ಪ್ಲಾಟ್‌ಫಾರಂನಲ್ಲಿ.

ಉತ್ತರ: ಶಹಾಪುರ, ಬೆಳಗಾವಿ

ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಮ್ಮ ಬೆಳಗಾವಿಯಿಂದಲೇ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಇಡೀ ದಿನದ ಪ್ರಯಾಣ, ಅಲ್ಲಿ ಹೋಗಿ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಇನ್ನೊಂದು ರೇಸ್.

ಇನ್ನೊಂದು, ಯಾರೂ ಹೇಳದ್ದು. ಮುಂಬೈಯ ಆ ರೇಸ್ ಮೊದಲು 2024ರ ಡಿಸೆಂಬರಿಗೆಂದು ಪ್ರಕಟವಾಗಿತ್ತು, ನಡೆದದ್ದು ಫೆಬ್ರುವರಿ ಕೊನೆಗೆ. ಸಮುದ್ರದ ಕಾರ್ಯಕ್ರಮಗಳ ದಿನಾಂಕವನ್ನು ಮದುವೆ ಮುಹೂರ್ತದಂತೆ ನಂಬಬೇಡಿ. ರದ್ದು ಮಾಡಿದರೆ ದುಡ್ಡು ವಾಪಸು ಬರುವ ಕೋಣೆಯನ್ನೇ ಹಿಡಿಯಿರಿ, ನೂರಿನ್ನೂರು ಹೆಚ್ಚಾದರೂ ಚಿಂತೆಯಿಲ್ಲ.

ಪ್ರಶ್ನೆ ಕೇಳಿದವರು: ವೈಂಡಿಂಗ್ ಅಂಗಡಿ, ಬಾಗಲಕೋಟೆ

ಎಲ್ಲರಿಗೂ ಧನ್ಯವಾದ. ಕಿಟಕಿಯ ವಾದ ಬಿದ್ದುಹೋಯಿತು. ನೀರಿನ ಟ್ಯಾಂಕ್ ಮತ್ತು ಟವರ್ ಪ್ರಸಂಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹೆಂಡತಿ ನಕ್ಕಳು, ಆದರೆ ಮಿಕ್ಕ ದುಡ್ಡಿನಲ್ಲಿ ದಾದರ್‌ನಲ್ಲಿ ಸೀರೆ ಎಂಬ ಹೊಸ ಷರತ್ತು ಬಂದಿದೆ. ಇಳಕಲ್ ಸೀರೆಯ ಜಿಲ್ಲೆಯಿಂದ ಸೀರೆ ಕೊಳ್ಳಲು ದಾದರ್‌ಗೆ!

ನಮ್ಮ ಯೋಜನೆ ಈಗ ಹೀಗಿದೆ. ಗುರುವಾರ ರಾತ್ರಿ ಬಾಗಲಕೋಟೆ ಬಿಡುವುದು, ಸಿಎಸ್‌ಎಂಟಿ ಹತ್ತಿರ ಲಿಫ್ಟ್ ಇರುವ ಲಾಡ್ಜ್, ಶನಿವಾರ ಪೂರ್ತಿ ನರಿಮನ್ ಪಾಯಿಂಟ್ ತುದಿ, ಭಾನುವಾರ ನಕ್ಷೆ ನೋಡಿ ತಿರುವಿನ ಹತ್ತಿರ. ಅಪ್ಪನಿಗೆ ಮಲಬಾರ್ ಹಿಲ್ ಎಂದೆ. "ಗುಡ್ಡ ಹತ್ತಿ ದೋಣಿ ನೋಡುವುದೇ?" ಎಂದು ಮುಖ ತಿರುಗಿಸಿದ್ದಾರೆ. ಅವರು ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟವರು, ನೀರನ್ನು ಹತ್ತಿರದಿಂದಲೇ ನೋಡಬೇಕಂತೆ. ದಂಡೆಯಲ್ಲೇ ಕೂರಿಸಲು ಏನಾದರೂ ದಾರಿ ಇದೆಯೇ ಅಕ್ಕಾ?

ಉತ್ತರ: ಮುಧೋಳದವಳು, ಈಗ ಮಾಟುಂಗದಲ್ಲಿ

ಮಡಚುವ ಸ್ಟೂಲ್ ತನ್ನಿ, ಬೆನ್ನಿಗೆ ಆಸರೆ ಇರುವಂಥದ್ದು. ಬೆಳಗಿನ ಸುತ್ತಿಗೆ ಮಾತ್ರ ಅವರನ್ನು ದಂಡೆಗೆ ಕರೆತನ್ನಿ, ಹನ್ನೊಂದಕ್ಕೆಲ್ಲ ಕೋಣೆಗೆ. ಫೆಬ್ರುವರಿ ಕೊನೆಯಲ್ಲೇ ಇಲ್ಲಿ ಬೆವರು ಇಳಿಯುತ್ತದೆ, ನಮ್ಮೂರಿನ ಒಣ ಬಿಸಿಲಲ್ಲ ಇದು. ಅವರ ಹತ್ತಿರ ಯಾರಾದರೊಬ್ಬರು ಇರಲೇಬೇಕು, ದೊಡ್ಡ ಗುಂಪಿನಲ್ಲಿ ಮೊಬೈಲ್ ಹತ್ತುವುದಿಲ್ಲ. ಮೊದಲೇ ಒಂದು ಜಾಗ ಹೇಳಿಟ್ಟುಕೊಳ್ಳಿ: ತಪ್ಪಿಸಿಕೊಂಡರೆ ಚರ್ಚ್‌ಗೇಟ್ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಎದುರು, ಹಾಗೆ.

ರೇಸಿನ ದಿನಾಂಕ ಪ್ರಕಟವಾದರೂ ರೈಲು ಬುಕಿಂಗ್ ತೆರೆಯುವುದು 60 ದಿನ ಮುಂಚೆ. 2024ರ ನವೆಂಬರಿನಿಂದ 120 ದಿನದ ಪದ್ಧತಿ ಹೋಯಿತು. ಐದು ಜನರಲ್ಲಿ ಅಪ್ಪನಿಗೆ ಕೆಳಗಿನ ಬರ್ತ್ ಬೇಕೆಂದರೆ ಆ ಬೆಳಿಗ್ಗೆ ಎಂಟು ಗಂಟೆಗೇ ಕುಳಿತುಕೊಳ್ಳಿ. ಸೀರೆಗೆ ನಾನು ಕರೆದುಕೊಂಡು ಹೋಗುತ್ತೇನೆ, ಆದರೆ ಬರುವಾಗ ನನಗೆ ಎರಡು ಕಟ್ಟು ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ತರಬೇಕು.