ಸುಸ್ಥಿರತಾ ಕಾರ್ಯತಂತ್ರಕ್ಕೆ ಕೆಲಸಗಾರರ ಬೆಂಬಲ ಪಡೆಯುವುದು ಹೇಗೆ? – ಅನುಭವ ಹಂಚಿಕೆ

ಪ್ರಶ್ನೆ

ನಮ್ಮದು ಸುಮಾರು ಮುನ್ನೂರು ಜನ ದುಡಿಯುವ ವಾಹನ ಬಿಡಿಭಾಗಗಳ ಕಾರ್ಖಾನೆ. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯು ವಿದ್ಯುತ್, ನೀರು, ತ್ಯಾಜ್ಯಗಳ ಲೆಕ್ಕ ಕೇಳತೊಡಗಿದ ಮೇಲೆ ಆಡಳಿತ ಮಂಡಳಿಯು ಸುಸ್ಥಿರತಾ ಕಾರ್ಯತಂತ್ರವೊಂದನ್ನು ಅಂಗೀಕರಿಸಿತು. ಭಿತ್ತಿಪತ್ರ ಅಂಟಿಸಿದೆವು, ಪ್ರತಿಜ್ಞೆ ಬೋಧಿಸಿದೆವು. ಆದರೂ ಕೆಲಸಗಾರರು ಇದನ್ನು ಕಚೇರಿಯವರ ಕೆಲಸವೆಂದೇ ನೋಡುತ್ತಾರೆ. ಅನುಭವವಿದ್ದವರು ದಾರಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಮಸ್ಕಾರ ಸರ್. ಪೀಣ್ಯದ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದ ಅನುಭವದಿಂದ ಬರೆಯುತ್ತಿದ್ದೇನೆ. ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಿಗೆ, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2022–23ನೇ ಹಣಕಾಸು ವರ್ಷದಿಂದ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ) ವರದಿಯನ್ನು ಕಡ್ಡಾಯಗೊಳಿಸಿದ ಮೇಲೆ, ಆ ಲೆಕ್ಕದ ಬೇಡಿಕೆ ನಮ್ಮಂಥ ಸಣ್ಣ ಪೂರೈಕೆದಾರರ ತನಕ ಇಳಿದು ಬಂತು. ನಾವೂ ಭಿತ್ತಿಪತ್ರಗಳಿಂದಲೇ ಆರಂಭಿಸಿದ್ದೆವು, ಅದರಿಂದ ಏನೂ ಆಗಲಿಲ್ಲ.

ನಮಗೆ ದಾರಿ ತೋರಿಸಿದ್ದು ಯಂತ್ರಗಳಿಗೆ ಒತ್ತಡದ ಗಾಳಿ ಒದಗಿಸುವ ಕಂಪ್ರೆಸರ್. ಒಂದು ಭಾನುವಾರ ಯಂತ್ರಗಳನ್ನೆಲ್ಲ ನಿಲ್ಲಿಸಿ, ಗಾಳಿಯ ಲೈನನ್ನು ಮಾತ್ರ ತುಂಬಿಟ್ಟು, ಪ್ರೆಸ್ ಶಾಪಿನ ಆಪರೇಟರುಗಳ ಜೊತೆ ಶೆಡ್ಡಿನೊಳಗೆ ನಡೆದೆವು. ವಾರದ ದಿನಗಳ ಗದ್ದಲದಲ್ಲಿ ಎಂದೂ ಕಿವಿಗೆ ಬೀಳದ ಸುಯ್‌ಗುಟ್ಟುವಿಕೆ ಅಂದು ನಾಲ್ಕೂ ಮೂಲೆಯಿಂದ ಕೇಳಿಸಿತು. ಹೆಲ್ಪರ್ ಒಬ್ಬರು ಸೀದಾ ಮೂರನೆಯ ಪ್ರೆಸ್ಸಿನ ಹಿಂದಕ್ಕೆ ಹೋಗಿ, ಬಗ್ಗಿ, ಹೋಸಿನ ಜಾಯಿಂಟಿಗೆ ಸೋಪಿನ ನೀರು ಹಚ್ಚಿದರು. ನೊರೆ ಉಬ್ಬುಬ್ಬಿ ಒಡೆಯಿತು. "ಎರಡು ವರ್ಷದಿಂದ ಹೀಗೇ ಇದೆ ಸರ್, ಯಾರೂ ಕೇಳ್ಲಿಲ್ಲ" ಎಂದರು. 7 ಬಾರ್ ಒತ್ತಡದ ಲೈನಿನಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಸುಮಾರು 3 ಕಿಲೋವಾಟ್ ನುಂಗುತ್ತದೆ, ಅಂದರೆ ಹಗಲಿರುಳು ನಡೆಯುವ ಕಂಪ್ರೆಸರಿನಲ್ಲಿ ದಿನಕ್ಕೆ 72 ಯೂನಿಟ್. ಈ ಲೆಕ್ಕವನ್ನು ಆ ಜಾಯಿಂಟಿನ ಮುಂದೆಯೇ ನಿಂತು ಹೇಳಿದಾಗ ಮನಸ್ಸಿಗೆ ನಾಟಿದಷ್ಟು ಯಾವ ತರಬೇತಿಯಲ್ಲಿಯೂ ನಾಟಿರಲಿಲ್ಲ.

ಆಮೇಲೆ ನಾವೇ ಅದನ್ನು ಕೆಡಿಸಿಕೊಂಡೆವು. ಸೋರುವ ಕಡೆಗಳಲ್ಲೆಲ್ಲ ಕೆಂಪು ಚೀಟಿ ಕಟ್ಟಿದ್ದಾಯಿತು, ಆದರೆ ಫಿಟಿಂಗ್ ಖರೀದಿಗೆ ಮಂಜೂರಾತಿ ಸಿಗದೆ ಒಂದೂವರೆ ತಿಂಗಳು ದುರಸ್ತಿ ನಡೆಯಲಿಲ್ಲ. ಚೀಟಿಗಳ ಮೇಲೆ ಎಣ್ಣೆ, ಧೂಳು ಕೂತವು. ಮುಂದಿನ ಸುತ್ತಿಗೆ ಬಂದವರು ಇಬ್ಬರೇ. ಕೊನೆಗೆ, ಸಣ್ಣ ಮೊತ್ತವನ್ನು ಮೇಂಟೆನೆನ್ಸ್ ವಿಭಾಗವೇ ಖರ್ಚು ಮಾಡುವಂತೆ ಅನುಮತಿ ಪಡೆದು, ಮೂರು ದಿನದೊಳಗೆ ಸರಿಪಡಿಸಿ, ಚೀಟಿ ಕಟ್ಟಿದವರ ಕೈಯಿಂದಲೇ ಅದನ್ನು ಬಿಚ್ಚಿಸುವ ಪದ್ಧತಿ ತಂದೆವು. ಜನ ತಾವಾಗಿಯೇ ಮರಳಿ ಬಂದರು. ಆದ್ದರಿಂದ, ದುರಸ್ತಿಗೆ ಹಣ ಎತ್ತಿಡುವ ಮೊದಲು ದಯವಿಟ್ಟು ಸಲಹಾ ಪೆಟ್ಟಿಗೆ ಇಡಬೇಡಿ. ಭಾನುವಾರ ಬಂದವರಿಗೆ ಓಟಿ ಕೊಡಲೇಬೇಕು. ಪರಿಸರದ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ.

ಉತ್ತರ 2

ಮೇಲಿನ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ಮಧ್ಯಾಹ್ನದ ಊಟದಲ್ಲಿ ಚೆಲ್ಲಿಹೋಗುವ ಅನ್ನವನ್ನು ತೂಗಿ, ಕ್ಯಾಂಟೀನಿನ ಬಾಗಿಲಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೆವು. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು, ಆದರೆ ಹೆಣ್ಣುಮಕ್ಕಳಿಗೆ ಅದು ತಮ್ಮ ತುತ್ತನ್ನು ಎಣಿಸಿದಂತೆ ಕಂಡು ಮನಸ್ಸಿಗೆ ನೋವಾಯಿತು. ಕ್ಯಾಂಟೀನ್ ಸಮಿತಿಯ ಸಭೆಯಲ್ಲಿ ಟೈಲರ್ ಒಬ್ಬರು ಎದ್ದು, "ಕೊನೇ ಬ್ಯಾಚಿಗೆ ಬರೋ ಹೊತ್ತಿಗೆ ಅನ್ನ ಆರಿ ಗಟ್ಟಿಯಾಗಿರುತ್ತೆ ಮೇಡಂ, ಅನ್ನ ಚೆಲ್ಲೋಕೆ ನಮಗೇನು ಇಷ್ಟಾನಾ?" ಎಂದು ಕೇಳಿದರು. ಅನ್ನವನ್ನು ಎರಡು ಸಲ ಬೇಯಿಸುವ ವ್ಯವಸ್ಥೆ ಮಾಡಿ, ಹಲಗೆಯನ್ನು ತೆಗೆಸಿದೆವು. ತಿಂಗಳೊಳಗೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಇದಕ್ಕಾಗಿ ಹೊಸ 'ಹಸಿರು ತಂಡ' ಕಟ್ಟುವ ಅಗತ್ಯವಿಲ್ಲ. ಆಡಳಿತದವರೂ ಕೆಲಸಗಾರರೂ ಎದುರುಬದುರು ಕೂತು ಮಾತಾಡಲೆಂದೇ 1947ರ ಕೈಗಾರಿಕಾ ವಿವಾದ ಕಾಯ್ದೆಯು ನೂರು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ ವರ್ಕ್ಸ್ ಕಮಿಟಿಯ ಏರ್ಪಾಟನ್ನು ತಂದಿತು. ಅನೇಕ ಕಡೆ ಅದು ಕಡತದಲ್ಲಷ್ಟೇ ಇರುವುದು ನೋವಿನ ಸಂಗತಿ. ಅದಕ್ಕೆ ಜೀವ ತುಂಬಿ, ಯೂನಿಯನ್ ಇದ್ದರೆ ಅವರೊಂದಿಗೆ ಮೊದಲ ದಿನವೇ ಮಾತಾಡಿ.

ಉತ್ತರ 3

ಒಂದೇ ವಿಷಯ ಸೇರಿಸುತ್ತೇನೆ: ಗುತ್ತಿಗೆ ಕೆಲಸಗಾರರನ್ನು ಬಿಡಬೇಡಿ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಅಭಾವ ಬಂದು, ಜಲಮಂಡಳಿಯು ಏರೇಟರ್ (ನಲ್ಲಿಯ ಬಾಯಿಗೆ ಹಾಕಿ ನೀರಿನ ಹರಿವು ತಗ್ಗಿಸುವ ಸಣ್ಣ ಸಾಧನ) ಕಡ್ಡಾಯ ಮಾಡಿದಾಗ, ನಾವು ಕಟ್ಟಡದ ಎಲ್ಲ ನಲ್ಲಿಗಳಿಗೂ ಒಂದೇ ದಿನ ಹಾಕಿಸಿದೆವು. ನೆಲ ಒರೆಸುವ ಹೆಂಗಸರು ಮಾತ್ರ ಬಕೆಟ್ ಹಿಡಿಯುವ ಮೊದಲು ಅದನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದರು. ಮೇಲ್ವಿಚಾರಕರು ಗದರಿಸಿದ್ದೂ ಆಯಿತು. ವಿಚಾರಿಸಿದಾಗ, ಬಕೆಟ್ ತುಂಬಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತಿದೆ ಎಂದರು. ಬಕೆಟಿಗೆ ಹಿಡಿಯುವ ನೀರು ಏರೇಟರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದು ನೀರು ಉಳಿಸುವುದು ಕೈ ತೊಳೆಯುವಲ್ಲಿ. ಬಕೆಟ್ ತುಂಬುವ ಕೆಲಸಕ್ಕೆಂದೇ ಬೇರೆ ನಲ್ಲಿಯೊಂದನ್ನು ಕೊಟ್ಟ ದಿನದಿಂದ ಉಳಿದವುಗಳನ್ನು ಯಾರೂ ಬಿಚ್ಚಲಿಲ್ಲ. ತೊಟ್ಟಿಕ್ಕುವ ನಲ್ಲಿಗಳ ಸುದ್ದಿ ಮೊದಲು ಬರುತ್ತಿದ್ದುದೂ ಅವರಿಂದಲೇ. ಅವರ ಪಾಳಿ ಎರಡು ಗಂಟೆಗೆ ಮುಗಿಯುತ್ತಿತ್ತು, ನಮ್ಮ ಸಭೆ ಮೂರಕ್ಕೆ ಇರುತ್ತಿತ್ತು. ಈಗ ಒಂದಕ್ಕೆ ಸೇರುತ್ತೇವೆ, ಆ ಹೊತ್ತಿಗೂ ಅವರಿಗೆ ಸಂಬಳವಿದೆ.