ಸಿಂಗಪುರದ ಮದುವೆಗೆ ಹೊರಟ ನೆಂಟರಿಗೆ: ಹೋಗಿ ಬಂದವರು ಹೇಳಿದ್ದು

ಕೇಳಿದವರು (ಮೈಸೂರು): ನಮ್ಮ ಅಕ್ಕನ ಮಗಳ ಮದುವೆ ಡಿಸೆಂಬರಿನಲ್ಲಿ, ಸಿಂಗಪುರದಲ್ಲಿ. ಹುಡುಗ ಅಲ್ಲಿನ ಚೀನೀ ಮನೆತನದವನು. ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದಲ್ಲಿ ಬೆಳಿಗ್ಗೆ ಏಳಕ್ಕೆ ಮುಹೂರ್ತ. ಮಾರನೇ ದಿನ ಅವರ ಕಡೆಯ ಟೀ ಶಾಸ್ತ್ರ, ರಾತ್ರಿ ಹೋಟೆಲಿನಲ್ಲಿ ಊಟ. ನಾವು ಹದಿನಾಲ್ಕು ಜನ ಹೊರಟಿದ್ದೇವೆ. ಅದರಲ್ಲಿ ಎಪ್ಪತ್ತು ದಾಟಿದವರು ಇಬ್ಬರು, ಒಂದು ಪುಟ್ಟ ಮಗು. ಯಾರೂ ವಿದೇಶ ನೋಡಿದವರಲ್ಲ. ಏನು ತಗೊಂಡು ಹೋಗಬೇಕು, ಏನು ಬಿಡಬೇಕು, ಎಲ್ಲಿ ಉಳಿಯಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಸಿಂಗಪುರದಲ್ಲೇ ಇರುವವರು: ಮೊದಲು ವೀಸಾ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕೇ ಬೇಕು. ಹೊರಡಲು 30 ದಿನ ಉಳಿದಿರುವಾಗಿನಿಂದ ಅರ್ಜಿ ಹಾಕಬಹುದು. ಎರಡು ದಾರಿ ಇವೆ. ಒಂದು, ಮಾನ್ಯತೆ ಇರುವ ವೀಸಾ ಏಜೆಂಟರ ಮೂಲಕ. ಇನ್ನೊಂದು, ಇಲ್ಲಿನ ಪ್ರಜೆ ಅಥವಾ ಪಿಆರ್ (ಕಾಯಂ ವಾಸದ ಅನುಮತಿ) ಇರುವವರು ನಿಮ್ಮ ಪರವಾಗಿ ಆನ್‌ಲೈನ್‌ನಲ್ಲಿ ಹಾಕುವುದು. ಹುಡುಗನ ಮನೆಯವರೇ ಹಾಕಿಕೊಟ್ಟರೆ ಏಜೆಂಟರ ಕಮಿಷನ್ ಉಳಿಯುತ್ತದೆ. ಒಬ್ಬರಿಗೆ ಅರ್ಜಿ ಶುಲ್ಕ 30 ಸಿಂಗಪುರ ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಎಲ್ಲರ ಪಾಸ್‌ಪೋರ್ಟಿನಲ್ಲೂ ಆರು ತಿಂಗಳಿಗಿಂತ ಜಾಸ್ತಿ ಅವಧಿ ಉಳಿದಿದೆಯಾ ಅಂತ ಇವತ್ತೇ ನೋಡಿ. ವಯಸ್ಸಾದವರದ್ದು ಬೀರುವಿನಲ್ಲೇ ಮುಗಿದುಹೋಗಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ.

ಆಮೇಲೆ ಎಸ್‌ಜಿ ಅರೈವಲ್ ಕಾರ್ಡ್, ಅಂದರೆ ಸಿಂಗಪುರಕ್ಕೆ ಬರುವವರು ಮೊದಲೇ ತುಂಬಿಕೊಡುವ ವಿವರದ ಫಾರಂ. ಇಳಿಯುವ ದಿನವೂ ಸೇರಿ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಸರ್ಕಾರದ ಸೈಟಿನಲ್ಲಿ ಇದು ಪೂರ್ತಿ ಉಚಿತ. ದುಡ್ಡು ಕೇಳಿದ ಸೈಟ್ ನಕಲಿ ಅಂತಲೇ ತಿಳಿಯಿರಿ.

ಬೆಂಗಳೂರಿನ ಒಬ್ಬ ತಾಯಿ: ನನ್ನ ಮಗನ ಮದುವೆ ಅಲ್ಲೇ ಆಯಿತು. ನನ್ನ ಒಂದೇ ಮಾತು: ಪೂಜೆ ಸಾಮಾನು ಹೊತ್ತುಕೊಂಡು ಹೋಗಬೇಡಿ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಎಲೆ, ಅರಿಶಿನ ಕುಂಕುಮ ಎಲ್ಲ ಅಲ್ಲಿನ ಭಾರತೀಯರ ಬಡಾವಣೆಯಾದ ಲಿಟಲ್ ಇಂಡಿಯಾದಲ್ಲಿ ಸಿಗುತ್ತದೆ. ಟೆಕ್ಕಾ ಮಾರುಕಟ್ಟೆ, ಪಕ್ಕದ ಬಫಲೋ ರಸ್ತೆ, ಕ್ಯಾಂಪ್‌ಬೆಲ್ ಲೇನ್ ಸುತ್ತಿದರೆ ಮಲ್ಲಿಗೆ ದಂಡೆಯೂ ಸಿಗುತ್ತದೆ, ಹಾರ ಕಟ್ಟಿಕೊಡುವವರೂ ಸಿಗುತ್ತಾರೆ. ಹಾರಕ್ಕೆ ಮಾತ್ರ ಮೊದಲೇ ಹೇಳಿಡಬೇಕು.

ಒಣ ಕೊಬ್ಬರಿ ಗಿಟುಕನ್ನು ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಎಣ್ಣೆ ಅಂಶ ಜಾಸ್ತಿ, ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ. ನಮ್ಮ ಹಿಂದೆ ನಿಂತಿದ್ದ ಒಂದು ಕುಟುಂಬದವರು ಬಾಗಿನಕ್ಕೆ ಅಂತ ಕಟ್ಟಿದ್ದ ಗಂಟನ್ನೆಲ್ಲ ಕೌಂಟರ್ ಮುಂದೆ ನೆಲದ ಮೇಲೆ ಬಿಚ್ಚಿ, ಬಳೆ, ರವಿಕೆ ಕಣ, ಬೇಳೆ ಪೊಟ್ಟಣಗಳ ನಡುವೆ ಒಂದೊಂದೇ ಗಿಟುಕು ಹುಡುಕಿ ತೆಗೆಯುತ್ತಿದ್ದರು. ನೋಡಿ ಸಂಕಟವಾಯಿತು. ಕರ್ಪೂರ, ಬೆಂಕಿಪೊಟ್ಟಣವೂ ಬೇಡ.

ಗಸಗಸೆ ಒಂದು ಕಾಳೂ ಒಯ್ಯಬೇಡಿ. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ನಿಷೇಧಿತ ವಸ್ತು. ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೆ ಗಸಗಸೆ ಹಾಕಿದ್ದೀರಾ ಅಂತಲೂ ಕೇಳಿಕೊಳ್ಳಿ. ಹುಡುಗರಿಗೆ ಹೇಳಿ: ವೇಪ್ (ಇ-ಸಿಗರೇಟ್), ಚೂಯಿಂಗ್ ಗಮ್, ಗುಟ್ಕಾ ಯಾವುದೂ ಜೇಬಿನಲ್ಲಿ ಇರಬಾರದು. ವೇಪ್ ಅಲ್ಲಿ ಬಹಳ ಗಂಭೀರ ವಿಷಯ.

ಇಲ್ಲಿಂದ ಒಯ್ಯಬೇಕಾದದ್ದು ಬಾಸಿಂಗ, ಅಂತರಪಟ, ನಿಮ್ಮ ಮನೆತನಕ್ಕೇ ಸೇರಿದ ಸಾಮಾನು ಅಷ್ಟೇ. ಇನ್ನೊಂದು ವಿಷಯ, ಆ ದೇವಸ್ಥಾನದಲ್ಲಿ ತಮಿಳು ಪದ್ಧತಿ ಜಾಸ್ತಿ. ಜೀರಿಗೆ ಬೆಲ್ಲ, ಧಾರೆ ಎಲ್ಲ ನಮ್ಮ ಕ್ರಮದಲ್ಲೇ ಆಗಬೇಕಿದ್ದರೆ ಪುರೋಹಿತರ ಹತ್ತಿರ ಮೊದಲೇ ಫೋನಿನಲ್ಲಿ ಮಾತಾಡಿ ಪಟ್ಟಿ ಮಾಡಿಕೊಳ್ಳಿ.

ಹಾಸನದ ಒಬ್ಬರು: ಒಡವೆ ಬಗ್ಗೆ ಯಾರೂ ಹೇಳಲಿಲ್ಲ. ಹೆಂಗಸರು ಮದುವೆಗೆ ಅಂತ ಮನೆಯ ಚಿನ್ನವನ್ನೆಲ್ಲ ಹಾಕಿಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ಅದು ಅಲ್ಲೇ ಕೊಂಡದ್ದಲ್ಲ ಅಂತ ತೋರಿಸುವುದು ಹೇಗೆ? ಅದಕ್ಕೆ ಹೊರಡುವಾಗಲೇ ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬಿಲ್ಲು ಇದ್ದರೆ ಬಿಲ್ಲು, ಹಳೇ ಒಡವೆಯಾದರೆ ತೂಕ ಬರೆದ ವ್ಯಾಲ್ಯುವರ್ ಚೀಟಿ, ಜೊತೆಗೆ ಫೋಟೋ. ಇದಕ್ಕೆ ಸಮಯ ಹಿಡಿಯುತ್ತದೆ, ಬೇಗ ಹೋಗಿ. ಒಡವೆ ಕೈಚೀಲದಲ್ಲೇ ಇರಲಿ.

ಮತ್ತೆ ಸಿಂಗಪುರದವರು: ಉಳಿಯುವ ವಿಷಯ. ಹದಿನಾಲ್ಕು ಜನ ಅಂದಮೇಲೆ ಒಂದು ಮನೆ ಬಾಡಿಗೆಗೆ ಹಿಡಿಯೋಣ, ಅಡುಗೆಯೂ ಆಗುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. ಬೇಡ. ಇಲ್ಲಿ ಖಾಸಗಿ ಮನೆಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡುವುದೇ ಕಾನೂನಿಗೆ ವಿರುದ್ಧ. ಫಾರರ್ ಪಾರ್ಕ್ ಅಥವಾ ಲಿಟಲ್ ಇಂಡಿಯಾ ಎಂಆರ್‌ಟಿ (ಇಲ್ಲಿನ ಮೆಟ್ರೋ ರೈಲು) ಸ್ಟೇಷನ್ ಹತ್ತಿರ ಹೋಟೆಲ್ ಹಿಡಿಯಿರಿ. ದೇವಸ್ಥಾನ ಫಾರರ್ ಪಾರ್ಕಿನಿಂದ ನಡೆದು ಹೋಗುವಷ್ಟು ಹತ್ತಿರ. ರೂಮುಗಳು ಚಿಕ್ಕವು, ಮೂವರು ಇದ್ದರೆ ಬುಕ್ ಮಾಡುವಾಗಲೇ ಹೇಳಿ.

ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿದರೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಬೆಳಿಗ್ಗೆ ಇಳಿಯುತ್ತೀರಿ. ರೂಮು ಕೊಡುವುದು ಮಧ್ಯಾಹ್ನ ಎರಡು ಮೂರಕ್ಕೆ. ಅಷ್ಟು ಹೊತ್ತು ಹಿರಿಯರು ಲಾಬಿಯಲ್ಲಿ ಕೂರುವುದು ಬಹಳ ಕಷ್ಟ. ಎಲ್ಲರಿಗೂ ಅಲ್ಲದಿದ್ದರೂ ಒಂದು ರೂಮನ್ನಾದರೂ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ.

ಇಲ್ಲಿನ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಏಳರ ಮುಹೂರ್ತ ಅಂದರೆ ಮೈಸೂರಿನ ನಾಲ್ಕೂವರೆ. ಸೀರೆ ಉಡಲು ಏಳುವುದು ನಿಮ್ಮ ದೇಹದ ಲೆಕ್ಕದಲ್ಲಿ ನಡುರಾತ್ರಿ. ಎರಡು ದಿನ ಮುಂಚೆ ಬನ್ನಿ. ಊರಲ್ಲಿ ವಿಡಿಯೋದಲ್ಲಿ ನೋಡುವವರಿಗೂ ಭಾರತದ ಸಮಯದಲ್ಲೇ ಹೇಳಿಡಿ.

ಮಂಗಳೂರಿನ ನರ್ಸ್: ಹಿರಿಯರ ಔಷಧಿ ಕೈಚೀಲದಲ್ಲಿ, ಡಾಕ್ಟರ್ ಚೀಟಿಯ ಜೊತೆ. ಇನ್ಸುಲಿನ್ ಇದ್ದರೆ ಅದೂ ಅಲ್ಲೇ. ನಿದ್ದೆ ಮಾತ್ರೆ, ಗಟ್ಟಿ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ ಇದ್ದರೆ ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಸೈಟ್ ನೋಡಿ, ಮೊದಲೇ ಅನುಮತಿ ಬೇಕಾಗಬಹುದು. ಪ್ರಯಾಣ ವಿಮೆ ಮಾಡಿಸದೆ ಎಪ್ಪತ್ತು ದಾಟಿದವರನ್ನು ಕರೆದುಕೊಂಡು ಹೋಗಬೇಡಿ, ಅಲ್ಲಿ ಆಸ್ಪತ್ರೆ ತುಂಬಾ ದುಬಾರಿ. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಬರೆಸಿ.

ಚೀನೀ ಬೀಗರಿರುವ ಒಬ್ಬರು, ಶಿವಮೊಗ್ಗ: ಟೀ ಶಾಸ್ತ್ರದ ಬಗ್ಗೆ ನಾನು ಹೇಳುತ್ತೇನೆ, ನಿಮ್ಮ ಹಿರಿಯರಿಗೆ ಇದು ತುಂಬಾ ಇಷ್ಟವಾಗುತ್ತದೆ. ಹಿರಿಯರನ್ನು ವಯಸ್ಸು, ವರಸೆ ನೋಡಿ ಜೋಡಿಯಾಗಿ ಕೂರಿಸುತ್ತಾರೆ. ಮದುಮಕ್ಕಳು ಎದುರು ಮಂಡಿಯೂರಿ ಅಥವಾ ಬಗ್ಗಿ ಎರಡೂ ಕೈಯಲ್ಲಿ ಪುಟ್ಟ ಬಟ್ಟಲು ಕೊಡುತ್ತಾರೆ. ನೀವೂ ಎರಡೂ ಕೈಯಲ್ಲಿ ತಗೊಂಡು ಗುಟುಕು ಕುಡಿದು, ಹರಸಿ, ತಟ್ಟೆಯಲ್ಲಿ ಕೆಂಪು ಕವರ್ ಇಡಬೇಕು. ಒಡವೆ ಕೊಡುವವರು ಅಲ್ಲೇ ತೊಡಿಸುತ್ತಾರೆ. ಹುಡುಗಿ ಕಡೆಯ ಹಿರಿಯರನ್ನೂ ಕೂರಿಸುತ್ತಾರೆ, ಹಾಗಾಗಿ ಕವರ್ ಸಿದ್ಧ ಇರಲಿ. ನಮ್ಮಲ್ಲಿ ಮುಯ್ಯಿ ಅಂದರೆ 501, 1001 ಅಲ್ವಾ? ಅಲ್ಲಿ ಸಮಸಂಖ್ಯೆ. 88, 128, 168 ಡಾಲರ್ ಹೀಗೆ. ನಾಲ್ಕು ಮಾತ್ರ ಬರಬಾರದು. ನೋಟು ಹೊಸದಿರಲಿ. ಉಡುಗೊರೆಯಾಗಿ ಗಡಿಯಾರ ಕೊಡಬೇಡಿ, ಅವರಿಗೆ ಅಶುಭ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಬಟ್ಟೆಯೂ ಬೇಡ. ನಮ್ಮ ರೇಷ್ಮೆ ಸೀರೆ ಬಣ್ಣಗಳಿಗೆ ಅವರು ಮನಸಾರೆ ಖುಷಿಪಡುತ್ತಾರೆ.

ರಾತ್ರಿ ಊಟ ಹತ್ತು ಜನರ ದುಂಡು ಮೇಜಿನಲ್ಲಿ, ಒಂದೊಂದೇ ಬಗೆ ನಿಧಾನಕ್ಕೆ ಬರುತ್ತದೆ. ಮುಗಿಯುವಾಗ ಹತ್ತು ಗಂಟೆ ದಾಟುತ್ತದೆ. ಸಸ್ಯಾಹಾರಿಗಳು ಎಷ್ಟು ಜನ, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಎಷ್ಟು ಜನ, ಅಂತ ಲೆಕ್ಕ ಕೊಟ್ಟು ಬೇರೆ ಮೇಜು ಕೇಳಿ. ಮೊಟ್ಟೆಯೂ ಇಲ್ಲ ಅಂತ ಬಿಡಿಸಿ ಹೇಳಿ. ಶುಗರ್ ಇರುವವರು ಸಂಜೆ ಆರಕ್ಕೇ ಏನಾದರೂ ತಿಂದಿರಲಿ.

ಕೇಳಿದವರು: ಎಷ್ಟು ವಿಷಯ ಗೊತ್ತಾಯಿತು, ತುಂಬಾ ಧನ್ಯವಾದ. ಗಸಗಸೆ ಬಗ್ಗೆ ಯೋಚನೆಯೇ ಬಂದಿರಲಿಲ್ಲ, ಸಾರಿನ ಪುಡಿ ಹೊಸದಾಗಿ ಮಾಡುತ್ತೇವೆ. ಬೆಳಗಿನ ತಿಂಡಿ, ಓಡಾಟ ಹೇಗೆ? ಮಗುವಿಗೆ ಮೂರು ವರ್ಷ.

ಬೆಂಗಳೂರಿನ ತಾಯಿ: ತಿಂಡಿಗೆ ಚಿಂತೆ ಬೇಡ. ಅದೇ ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂಟಿಆರ್ ಇದೆ. 1947ರಿಂದ ಇರುವ ಕೋಮಳ ವಿಲಾಸ್ ಕೂಡ ಅಲ್ಲೇ. ನಲ್ಲಿ ನೀರು ನೇರ ಕುಡಿಯಬಹುದು, ಬಾಟಲಿ ಒಯ್ಯಿರಿ.

ಸಿಂಗಪುರದವರು: ಎಂಆರ್‌ಟಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ತಟ್ಟಿದರೆ ಸಾಕು. ಒಬ್ಬರಿಗೆ ಒಂದು ಕಾರ್ಡ್, ಒಂದೇ ಕಾರ್ಡಿನಲ್ಲಿ ಎಲ್ಲರೂ ಹೋಗಲು ಆಗುವುದಿಲ್ಲ. ರೈಲಿನೊಳಗೆ ನೀರೂ ಕುಡಿಯಬಾರದು, 500 ಡಾಲರ್ ತನಕ ದಂಡ ಇದೆ. ಬರುವ ದಿನ ಸಾಮಾನು ಇರುತ್ತದೆ, ಚಾಂಗಿ ವಿಮಾನ ನಿಲ್ದಾಣದಿಂದ ದೊಡ್ಡ ಟ್ಯಾಕ್ಸಿಗಳೇ ಸರಿ. ಮಗು ಇರುವ ಗಾಡಿ ಮಾತ್ರ ನೋಡಿ ಹತ್ತಿ. ಗ್ರ್ಯಾಬ್ ತರಹದ, ಫೋನಿನ ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರಿನಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಇಲ್ಲದಿದ್ದರೆ ಡ್ರೈವರ್ ಹತ್ತಿಸಿಕೊಳ್ಳುವುದಿಲ್ಲ. ಮೀಟರ್ ಟ್ಯಾಕ್ಸಿಗೆ ಆ ನಿಯಮ ಇಲ್ಲ. ಮುಹೂರ್ತದ ದಿನ ಬೆಳಿಗ್ಗೆ ಆರಕ್ಕೆ ಮೊದಲು ಟ್ಯಾಕ್ಸಿ ಹತ್ತಿದರೆ ಮೀಟರಿನ ಮೇಲೆ ಅರ್ಧದಷ್ಟು ಜಾಸ್ತಿ ಬೀಳುತ್ತದೆ, ಗಾಬರಿ ಆಗಬೇಡಿ. ಡಿಸೆಂಬರ್ ಅಂದರೆ ಮಳೆಗಾಲ, ತಲಾ ಒಂದು ಕೊಡೆ ಇರಲಿ.